ಅಲಕಾಳ ಎರಡು ಹುಟ್ಟುಹಬ್ಬ

ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳಬಾರದೆಂಬುದು ನಮ್ಮ ಕಡೆಯ ಕಟ್ಟಳೆ. ಬರೆಯಬಾರದೆಂದು ಮಾತ್ರ ಯಾರೂ ಹೇಳಿಲ್ಲ. ಹಾಗಾಗಿ ಬರೆದೇ ಬಿಡುತ್ತೇನೆ. ನನ್ನ ಗಂಡನ ಹೆಸರು ಗುರುಸಿದ್ಧಪ್ಪ. ಇಡೀ ಸಾಂಗ್ಲಿ ಸಂಸ್ಥಾನದಲ್ಲಿ ಅವರಂಥ ಇನ್ನೊಬ್ಬ ಹುಚ್ಚನನ್ನು ನಾನು ಕಾಣಲಿಲ್ಲ.

ನಮ್ಮದು ಅರಿಶಿನದ ವ್ಯಾಪಾರದ ಮನೆ. ಮಾವನವರು ತೀರಿಕೊಂಡ ಮೇಲೆ ಯಜಮಾನಿಕೆ ಭಾವ ಬಸಲಿಂಗಪ್ಪನವರದು. ಅವರೂ ಎದುರು ನಿಂತು ಮಾತಾಡದ ಒಬ್ಬರಿದ್ದರು, ನನ್ನ ಅತ್ತೆ ಗಿರಿಜಾಬಾಯಿ. ಹಿರಿಯರ ಮುಂದೆ ಸಣ್ಣ ವಯಸ್ಸಿನ ಗಂಡ ಹೆಂಡತಿ ಮಾತಾಡುವುದು ನಮ್ಮಲ್ಲಿ ನಾಚಿಕೆಗೇಡು. ಮದುವೆಯಾದ ನಾಲ್ಕು ವರ್ಷದಲ್ಲಿ ಹಗಲು ಹೊತ್ತು ನನ್ನ ಗಂಡ ನನಗೆ ಆಡಿದ ಮಾತು ಎರಡೇ: "ನೀರು" ಮತ್ತು "ಟೊಪಿಗಿ". ಅದನ್ನೂ ನನ್ನ ಮುಖ ನೋಡಿ ಅಲ್ಲ, ಪಡಸಾಲೆಯ ಕಂಬ ನೋಡಿ. ಆ ಕಂಬದ ಮೇಲೆ ನನಗಿದ್ದ ಸಿಟ್ಟು ದೇವರಿಗೇ ಗೊತ್ತು.

ಹೀಗಿರುವಾಗ, ಅರಿಶಿನದ ಧಾರಣೆ ವಿಚಾರಿಸಲು ಮುಂಬೈಗೆ ಹೋದವರು ಧಾರಣೆ ಮರೆತು ಸಿನಿಮಾ ತೆಗೆಯುವ ಪೆಟ್ಟಿಗೆ ಹಿಡಿದುಕೊಂಡು ಬಂದರು. ಗಡಿಯಾರಕ್ಕೆ ಕೊಡುವಂತೆ ಕೀಲಿ ಕೊಡಬೇಕು, ಗುಂಡಿ ಒತ್ತಬೇಕು, ಅರ್ಧ ನಿಮಿಷ ಗರಗರ ಓಡಿ ನಿಲ್ಲುತ್ತದೆ, ಮತ್ತೆ ಕೀಲಿ ಕೊಡಬೇಕು. ಅದಕ್ಕೆ ಬಿಸಿಲು ಸಾಲದು ಎಂದು ಎದುರಿಗೊಬ್ಬರು ಬಿಳಿ ಧೋತರ ಹರವಿ ಹಿಡಿದು ಮುಖಕ್ಕೆ ಬೆಳಕು ಬೀಳಿಸಬೇಕು. ಭಾವ ಹಿಡಿಯುವರೇ? ಅತ್ತೆ ಹಿಡಿಯುವರೇ? ಕಡೆಗೆ ನನ್ನ ಪಾಲಿಗೆ ಬಂತು.

"ಸರೂ, ಎಡಕ್ಕ ಬಾ. ಸರೂ, ಇನ್ನೊಂಚೂರು ಮ್ಯಾಲೆತ್ತು."

ನಡುಹಗಲಿನಲ್ಲಿ, ಎಲ್ಲರ ಎದುರಿಗೆ, ನನ್ನ ಹೆಸರು ಹಿಡಿದು! ಕೆಲಸದ ಮಾತೆಂದು ಯಾರೂ ಹುಬ್ಬೇರಿಸಲಿಲ್ಲ. ನಾನೂ ಬೇಕೆಂದೇ ಧೋತರವನ್ನು ಓರೆಯಾಗಿ ಹಿಡಿಯುತ್ತಿದ್ದೆ, ಇನ್ನೆರಡು ಸಲ ಕರೆಯಲೆಂದು. ಒಮ್ಮೆ ಅವರು ಪೆಟ್ಟಿಗೆಯ ಹಿಂದಿನಿಂದ ಮೆಲ್ಲಗೆ, "ಬೆಳಕು ಭಾಳ ಚಂದ ಬಿದ್ದೈತಿ" ಎಂದರು. ನಾನು "ಧೋತರ ಹೊಸದು ನೋಡ್ರಿ" ಎಂದೆ. "ಧೋತರದ ಮಾತು ಯಾರು ಆಡಿದ್ರು?" ಎಂದರು. ಅವತ್ತಿಡೀ ದಿನ ನಾನು ಸಾರಿಗೆ ಉಪ್ಪು ಹಾಕಲಿಲ್ಲ, ಯಾರು ಬೈದರೂ ಕಿವಿಗೆ ಬೀಳಲಿಲ್ಲ.

ಕಾರ್ತಿಕದ ಆಸುಪಾಸು ಭಾವನವರ ಮಗಳು ಅಲಕಾಗೆ ನಾಲ್ಕು ತುಂಬಿತು. ನನ್ನ ಗಂಡ ಇಂಗ್ಲಿಷ್ ತಾರೀಖಿನ ಪ್ರಕಾರ ಹುಟ್ಟುಹಬ್ಬ ಮಾಡಿ ಸಿನಿಮಾ ತೆಗೆಯೋಣವೆಂದರು. ಅತ್ತೆ, "ಈ ವರ್ಷಾ ಅಧಿಕಮಾಸ ಬಂದೈತಿ, ತಿಥಿ ಹದಿನೈದು ದಿನಾ ಮುಂದ ಐತಿ" ಎಂದರು. ಅಲಕಾ ಎರಡೂ ಬೇಕೆಂದು ನೆಲಕ್ಕೆ ಬಿದ್ದು ಹೊರಳಾಡಿದಳು. ಎರಡೂ ಆಯಿತು.

ತಾರೀಖಿನ ದಿನ ಅಂಗಳದ ಬಿಸಿಲಿನಲ್ಲಿ ಮಣೆ ಹಾಕಿ ಅಲಕಾಳನ್ನು ಕೂರಿಸಿದೆವು. ಮುಂದೆ ಒಂದು ತಾಟು ಬೇಸನ್ ಲಾಡು. ಅವಳ ತಾಯಿ, ನನ್ನ ನೆಗೆಣ್ಣಿ ಸುಶೀಲಾಬಾಯಿ ಆರತಿ ಹಿಡಿದರು. ಪೆಟ್ಟಿಗೆ ಗರಗರ ಎಂದಿತು. ಅಷ್ಟೇ, ಎಲ್ಲರೂ ಕಲ್ಲಾದರು.

ತಪ್ಪು ಅವರದಲ್ಲ. ನನ್ನ ಮದುವೆಯಲ್ಲಿ ಫೋಟೊ ತೆಗೆಯಲು ಮಿರಜದಿಂದ ಬಂದಿದ್ದವನು ಕರಿ ಬಟ್ಟೆಯೊಳಗಿಂದ "ಹಲೂ ನಕಾ! ಹಲೂ ನಕಾ!" ಎಂದು, ಅಲುಗಾಡಬೇಡಿರೆಂದು, ಮರಾಠಿಯಲ್ಲಿ ಕಿರುಚಿ ಇಡೀ ಮನೆತನದ ಉಸಿರು ಕಟ್ಟಿಸಿದ್ದ. ಅಲುಗಾಡಿದರೆ ಮುಖ ಎರಡಾಗುತ್ತದೆಂದು ಹೆದರಿಸಿದ್ದ. ಆ ಹೆದರಿಕೆ ಇನ್ನೂ ಎಲುಬಿನಲ್ಲಿತ್ತು. ನನ್ನ ಗಂಡ "ಅಲಗ್ಯಾಡ್ರಿ! ನಗ್ರಿ! ಮಾತಾಡ್ರಿ!" ಎಂದು ಗಂಟಲು ಹರಿದುಕೊಂಡರು. ಒಬ್ಬರಾದರೂ ರೆಪ್ಪೆ ಬಡಿಯಲಿಲ್ಲ.

ಫಿಲ್ಮಿನ ಸುರುಳಿ ಮುಂಬೈಗೆ ಹೋಗಿ ತೊಳೆದುಕೊಂಡು ಹತ್ತನೇ ದಿನಕ್ಕೆ ಬಂತು. ಕಿಟಕಿಯಿಲ್ಲದ ಅರಿಶಿನದ ವಖಾರಿಯಲ್ಲಿ ಮಧ್ಯಾಹ್ನವೇ ಬಾಗಿಲು ಮುಚ್ಚಿ, ಅದೇ ಧೋತರ ಕಟ್ಟಿ, ತೋರಿಸುವ ಯಂತ್ರದ ಹಿಡಿಕೆಯನ್ನು ಇವರೇ ಕೈಯಿಂದ ತಿರುಗಿಸಿದರು. ಧೋತರದ ಮೇಲೆ ನಮ್ಮ ಮನೆತನ ಸಾಲಾಗಿ ನಿಂತಿತ್ತು. ನಿಂತೇ ಇತ್ತು. ಆರತಿಯ ದೀಪ ಅಲುಗಿತು. ಭಾವನವರ ಮೀಸೆಯ ಎಡತುದಿಗೆ ಒಂದು ನೊಣ ಬಂದು ಕೂತು, ನಡೆದುಕೊಂಡು ಬಲತುದಿಗೆ ಹೋಗಿ, ಕೈಕಾಲು ಉಜ್ಜಿಕೊಂಡು, ಹಿಂದಿರುಗಿತು. ಭಾವ ಅಲುಗಲಿಲ್ಲ. ನಾನು ಸೆರಗು ಬಾಯಿಗೆ ತುರುಕಿಕೊಂಡೆ. ಅಲಕಾ ಒಬ್ಬಳು ಮಾತ್ರ ಒಂದಾದ ಮೇಲೊಂದು ಲಾಡು ತಿನ್ನುತ್ತಿದ್ದಳು. ಕಲ್ಲಾಗಿ ನಿಂತ ತಾಯಿ ಬೇಡವೆನ್ನುವಂತಿರಲಿಲ್ಲ.

ಮಾನ ಉಳಿಸಿಕೊಳ್ಳಲು ಇವರು ಹಿಡಿಕೆಯನ್ನು ಉಲ್ಟಾ ತಿರುಗಿಸಿದರು. ಅಲಕಾಳ ಬಾಯೊಳಗಿಂದ ಲಾಡು ತುಣುಕು ತುಣುಕಾಗಿ ಹೊರಬಂದು, ಗುಂಡಗಾಗಿ, ತಾಟಿಗೆ ಹೋಗಿ ಕೂತಿತು.

"ಎಂಜಲಾ ತಾಟಿಗೆ!" ಎಂದು ಭಾವ ಎದ್ದು ನಿಂತರು. "ಗುರುಸಿದ್ಧಾ, ಇದೇನು ಮಾಟಾ ಮಂತ್ರಾ ಹಚ್ಚೀಯೋ? ನಿಂತ ಮಂದೀನ ನೋಡಾಕ ಗ್ವಾಡಿಮ್ಯಾಲೆ ಫೋಟೊ ಐತಲ್ಲ! ಇನ್ನೊಂದ ಸುರುಳಿ ಉಳದೈತಿ ಅಂದ್ಯಲ್ಲ, ಅದೂ ಹಿಂಗ ಆತಂದ್ರ ಪೆಟಗಿ ಮುಂಬೈಕ್ಕ ವಾಪಸ್, ನೀ ಮಿರಜದ ಅಂಗಡಿಗೆ. ಮುಂಜಾನೆ ಹ್ವಾದರ ರಾತ್ರೀನ ಬರೂದು."

ಪೆಟ್ಟಿಗೆ ಹೋದರೆ ಧೋತರವೂ ಹೋಯಿತು, "ಸರೂ, ಎಡಕ್ಕ ಬಾ" ಎಂಬುದೂ ಹೋಯಿತು. ಮತ್ತೆ ಆ ಹಾಳು ಕಂಬವೇ ಗತಿ. ನಾನು ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ. ಆಮೇಲೆ ಮೂಗು ಒರೆಸಿಕೊಂಡು ಯೋಚನೆಗೆ ಕೂತೆ. ಅತ್ತು ಕೂಡುವ ಜಾತಿ ನನ್ನದಲ್ಲ.

ಒಂದು ಸಂಗತಿ ನನಗೆ ಮಾತ್ರ ಗೊತ್ತಿತ್ತು. ಗಂಡಸರು ಅಂಗಡಿಗೆ ಹೋದಮೇಲೆ, ಅಂಗಳದಲ್ಲಿ ಯಾರೂ ಇಲ್ಲವೆಂದು ಖಾತ್ರಿಯಾದಾಗ, ನನ್ನ ಅತ್ತೆ ಮೊಮ್ಮಗಳ ಎರಡೂ ಕೈ ಹಿಡಿದು ಫುಗಡಿ ಆಡುತ್ತಿದ್ದರು. ಊರೆಲ್ಲ ಹೆದರುವ ಗಿರಿಜಾಬಾಯಿ ಗರಗರ ತಿರುಗುತ್ತಿದ್ದರು! ಇದನ್ನು ಗಂಡನಿಗೆ ಹೇಳಿದೆ. ಅವರ ಕಣ್ಣು ಮಿಂಚಿದವು, ಮರುಕ್ಷಣ ಆರಿಹೋದವು.

"ಪೆಟಗಿ ಸಪ್ಪಳ ಕೇಳಿದ್ರ ನಿಂತು ಬಿಡ್ತಾಳ ಅವ್ವ."

"ನಾ ಬೀಸಾಕ ಕುಂದರತೀನಿ" ಎಂದೆ. "ಬೀಸೂಕಲ್ಲಿನ ಸಪ್ಪಳದಾಗ ನಿಮ್ಮ ಪೆಟಗಿ ಸಪ್ಪಳ ಯಾರಿಗೆ ಕೇಳ್ತೈತ್ರಿ?"

ತಿಥಿಯ ದಿನ ಬೆಳಿಗ್ಗೆ ಇವರು, ಮಿರಜದಲ್ಲಿ ಕೆಲಸವಿದೆ, ಇವತ್ತು ಸಿನಿಮಾ ಗಿನಿಮಾ ಏನೂ ಇಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಹೊರಟರು. ಭಾವ "ಬುದ್ಧಿ ಬಂತು" ಎಂದು ಅಂಗಡಿಗೆ ಹೋದರು. ಇವರು ಹಿತ್ತಲ ಬಾಗಿಲಿನಿಂದ ಬೆಕ್ಕಿನಂತೆ ಒಳಬಂದು, ಅಂಗಳದ ಗೋಡೆಗೆ ಒಟ್ಟಿದ್ದ ಅರಿಶಿನದ ಚೀಲಗಳ ಹಿಂದೆ ಅಡಗಿದರು. ಒಂದು ಗೋಣಿಚೀಲಕ್ಕೆ ರೂಪಾಯಿ ಅಗಲದ ತೂತು ಕೊಯ್ದು ಅದರೊಳಗೆ ಪೆಟ್ಟಿಗೆ ಇಟ್ಟಿದ್ದೆವು. ಅರಿಶಿನದ ಪುಡಿಗೆ ಸೀನು ಬಂದರೆ ಗತಿಯೇನೆಂದು ಮೂಗಿಗೆ ನನ್ನದೇ ಹಳೇ ಕುಪ್ಪಸದ ತುಂಡು ಕಟ್ಟಿ ಕಳಿಸಿದ್ದೆ. ಮದುಮಗಳಂತೆ ಕಾಣುತ್ತಿದ್ದರು.

ಆರತಿ ಮುಗಿಯಿತು. ಅಲಕಾ ಲಾಡು ಹಿಡಿದು, "ಆಯಿ, ಫುಗಡಿ!" ಎಂದು ಅಜ್ಜಿಯ ಸೆರಗು ಜಗ್ಗಿದಳು. ನಾನು ಓಡಿಹೋಗಿ ಬೀಸುಕಲ್ಲಿನ ಮುಂದೆ ಕೂತೆ, ಕಡಲೆಯ ಬುಟ್ಟಿ ಪಕ್ಕಕ್ಕಿಟ್ಟುಕೊಂಡೆ, ಗೂಟ ಹಿಡಿದು ಭರಭರ ತಿರುವತೊಡಗಿದೆ. ಆ ಸದ್ದಿಗೆ ಗೋಡೆಯ ಮೇಲಿನ ಪಾರಿವಾಳ ಹಾರಿಹೋದವು.

ಅತ್ತೆ ತಿರುಗಿ ನೋಡಿದರು. "ಏನ ಬೀಸಾಕತ್ತೀಯ ಸರೂ?"

"ಕಡ್ಲಿ ರೀ, ಅತ್ತೀ."

ಒಂದು ಗಳಿಗೆ ನನ್ನನ್ನೇ ನೋಡಿದರು. ನಾನು ಇನ್ನೂ ಜೋರಾಗಿ ತಿರುವಿದೆ.

"ಬೀಸು ಬೀಸು" ಎಂದು ಸೆರಗು ಸೊಂಟಕ್ಕೆ ಸಿಗಿಸಿ, ಮೊಮ್ಮಗಳ ಕೈ ಹಿಡಿದರು.

ಆಮೇಲೆ ನಡೆದದ್ದನ್ನು ಏನು ಹೇಳಲಿ! ಅಜ್ಜಿ ಮೊಮ್ಮಗಳು ತಿರುಗಿದ್ದೇ ತಿರುಗಿದ್ದು. ಅತ್ತೆಯ ತಲೆಯ ಮೇಲಿನ ಸೆರಗು ಜಾರಿತು, ಬಿಳಿ ಜಡೆ ಬಿಚ್ಚಿ ಗಾಳಿಗೆ ಹಾರಿತು. ನೆಗೆಣ್ಣಿ ನಕ್ಕು ನಕ್ಕು ನೆಲಕ್ಕೆ ಕೂತರು. ನಾನು ಅಂಗಳದ ಕಡೆಯಿಂದ ಕಣ್ಣು ತೆಗೆಯದೆ ತಿರುವುತ್ತಲೇ ಇದ್ದೆ. ಎಲ್ಲ ಮುಗಿದು ಅವರು ಒಳಗೆ ಹೋದಮೇಲೆ ಎದ್ದೆ. ಕಡಲೆಯ ಬುಟ್ಟಿ ತುಂಬಿದಂತೆಯೇ ಇತ್ತು, ಎತ್ತಿ ಒಳಗಿಟ್ಟೆ.

ಎರಡನೇ ಸುರುಳಿ ಬಂದ ದಿನ ಮತ್ತೆ ಎಲ್ಲರೂ ವಖಾರಿಯಲ್ಲಿ ಸೇರಿದೆವು. ಪೆಟ್ಟಿಗೆ ಉಳಿಸಲು ಹೋಗಿ ಅತ್ತೆಯ ಮಾನ ಕಳೆದೆನೇನೋ ಎಂದು ಆಗ ಹೆದರಿಕೆಯಾಯಿತು. ಧೋತರದ ಮೇಲೆ ಅತ್ತೆ ತಿರುಗತೊಡಗಿದ್ದೇ ತಡ, ಭಾವ ಸಿಡಿದೆದ್ದರು.

"ಹಡದವ್ವನ ಮಾನ ಧೋತರದ ಮ್ಯಾಲೆ ಹಾಕ್ತೀಯೇನೋ! ಕದ್ದು ತಗದೀಯಾ? ನಾಚಿಕಿ—"

ಅಷ್ಟರಲ್ಲಿ ಧೋತರದ ಮೇಲೆ, ಅಂಗಳದ ಬಾಗಿಲಲ್ಲಿ, ಊಟಕ್ಕೆ ಬಂದ ಭಾವನವರೇ ಕಾಣಿಸಿದರು. ಅವತ್ತು ನನಗೆ ಬಾಗಿಲು ಬೆನ್ನಿಗಿತ್ತು. ನಾನು ನೋಡಿರಲೇ ಇಲ್ಲ. ಧೋತರದ ಮೇಲಿನ ಭಾವ ತಾಯಿಯನ್ನು ನೋಡಿ ಬಾಯಿ ಕಳೆದರು. ಮುಖವೆಲ್ಲ ಹಲ್ಲಾಯಿತು. ಸದ್ದಾಗದಂತೆ ಚಪ್ಪಾಳೆ ತಟ್ಟುತ್ತ, ನಿಂತಲ್ಲೇ ಒಂದೆರಡು ಹೆಜ್ಜೆ ಕುಣಿದರು. ಆಮೇಲೆ ತುದಿಗಾಲಿನಲ್ಲಿ ಹಿಂದೆ ಸರಿದು ಮಾಯವಾದರು. ನಿಜವಾದ ಭಾವ ಎತ್ತಿದ ಬೆರಳು ಎತ್ತಿದಂತೆಯೇ ನಿಂತುಬಿಟ್ಟರು, ಮೊದಲನೇ ಸುರುಳಿಯಲ್ಲಿ ನಿಂತ ಹಾಗೆ. ನೊಣವೊಂದೇ ಕಡಿಮೆ.

"ಹಲೂ ನಕಾ!" ಎಂದು ಕತ್ತಲಲ್ಲಿ ಯಾರೋ ಅಂದರು. ನಾನೇ ಅಂದದ್ದು, ಈಗ ಒಪ್ಪಿಕೊಳ್ಳುತ್ತೇನೆ.

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುವಾಗ ಸುರುಳಿಯ ಕೊನೆ ಬಂತು. ಅತ್ತೆ ತಿರುಗುವುದನ್ನು ನಿಲ್ಲಿಸಿ, ಏದುಸಿರು ಬಿಡುತ್ತ, ನೇರವಾಗಿ ನಮ್ಮ ಕಡೆಗೇ ನೋಡಿದರು. ಮುಂದಿನ ಹಲ್ಲಿಲ್ಲದ ಬಾಯಿ ತುಂಬ ನಕ್ಕರು. ನಾಲಿಗೆ ಹೊರಗೆ ಚಾಚಿದರು. ಧೋತರ ಬೆಳ್ಳಗಾಯಿತು.

ನನ್ನ ನಗು ಅಲ್ಲೇ ನಿಂತಿತು. ಅರಿಶಿನದ ಚೀಲಕ್ಕೆ ಯಾರಾದರೂ ನಾಲಿಗೆ ಚಾಚುತ್ತಾರೆಯೇ?

"ಕುಂದ್ರೋ ಬಸಲಿಂಗಾ" ಎಂದಿತು ಅತ್ತೆಯ ಧ್ವನಿ. "ತಿರಗಾ ಹಚ್ಚಲಿ. ನೀ ಕುಣದದ್ದು ಸರಿಯಾಗಿ ನೋಡಲಿಲ್ಲ ನಾ. ಪೆಟಗಿ ಎಲ್ಲೂ ಹೋಗೂದಿಲ್ಲ."

ಮರುದಿನ ಬೆಳಿಗ್ಗೆ ಬೀಸಲು ಕೂತಿದ್ದೆ. ಅತ್ತೆ ಬಂದು ಎದುರಿಗೆ ಕೂತರು. ಬುಟ್ಟಿಯಿಂದ ಒಂದು ಹಿಡಿ ಕಡಲೆ ತೆಗೆದು ತಾವೇ ಕಲ್ಲಿನ ಬಾಯಿಗೆ ಹಾಕಿದರು.

"ಈ ಸಲಾ ಆದ್ರೂ ಕಾಳು ಹಾಕಿ ಬೀಸು" ಎಂದರು.

ನನ್ನ ಕೈ ಗೂಟದ ಮೇಲೆಯೇ ನಿಂತಿತು.

"ಎಂಟು ವರ್ಷದಾಕಿ ಇದ್ದಾಗಿಂದ ಬೀಸೀನಿ ನಾ. ಕಲ್ಲಿನ್ಯಾಗ ಕಾಳೈತೋ ಇಲ್ಲೋ ನನಗ ಗೊತ್ತಾಗೂದಿಲ್ಲೇನ? ಖಾಲಿ ಕಲ್ಲು ತಿರುವಬಾರದು ಅಂತ ಸಣ್ಣ ಹುಡುಗೂರಿಗೂ ಗೊತ್ತು. ನನ್ನ ಸೊಸಿ ತಿರುವಾಕತ್ಯಾಳಂದ್ರ ಏನೋ ಮುಚ್ಚಾಕತ್ಯಾಳಂತನ. ಸುತ್ತಲೂ ನೋಡಿದೆ. ಒಂದು ಚೀಲಕ್ಕ ಕಣ್ಣು ಬಂದಿತ್ತು."

"ಮತ್ತ... ಯಾಕ ಆಡಿದ್ರಿ ಅತ್ತೀ?"

ಅತ್ತೆ ಬೀಸುಕಲ್ಲಿನ ಅಂಚಿನ ಹಿಟ್ಟನ್ನು ಬೆರಳಿನಿಂದ ಒಟ್ಟುಮಾಡಿದರು. "ಮೂವತ್ತೊಂದು ವರ್ಷಾ ಸಂಸಾರ ಮಾಡೀನಿ ನಿಮ್ಮ ಮಾವನವರ ಕೂಡ. ಭಾಳ ಚಲೋ ಮನಷ್ಯಾ. ಖರೆ ಹಗಲಿನ್ಯಾಗ ಒಮ್ಮೀನೂ ನನ್ನ ಹೆಸರು ಹಿಡದು ಕರೀಲಿಲ್ಲ. ಗಿರಿಜಾ ಅಂತ ಬಿಸಲಾಗ ಕೇಳಿದ್ರ ಹೆಂಗ ಇರತಿತ್ತೋ ನನಗ ಗೊತ್ತ ಇಲ್ಲ."

ನನಗೆ ಅಳು ಬಂತು. ಅವರಿಗೆ ಅದು ಹಿಡಿಸಲಿಲ್ಲ. "ಹಿಟ್ಟಿನ್ಯಾಗ ಕಣ್ಣೀರು ಹಾಕಬ್ಯಾಡ, ಲಾಡು ಕೆಡ್ತಾವ" ಎಂದು ಎದ್ದರು. "ಗುರುಸಿದ್ಧಾ! ಪೆಟಗಿ ತಗೊಂಡು ಅಂಗಳಕ್ಕ ಬಾ! ಸರೂ, ಧೋತರ ಹಿಡಿ ನಡಿ." ಅಲಕಾಳನ್ನೂ ನೆಗೆಣ್ಣಿಯನ್ನೂ ಮುಂದೆ ಹಾಕಿಕೊಂಡು ಒಳಗೆ ಹೋಗಿ ಬಾಗಿಲು ಎಳೆದುಕೊಂಡರು.

ಇವರು ಬಂದು ನಿಂತರು. ನಾನು ಧೋತರ ಹರವಿದೆ.

"ಸುರುಳಿ ಮುಗದೈತಲ್ರಿ?" ಎಂದೆ ಮೆಲ್ಲಗೆ.

"ಮುಗದೈತಿ" ಎಂದರು. ಆದರೂ ಖಾಲಿ ಪೆಟ್ಟಿಗೆಗೆ ಕೀಲಿ ಕೊಟ್ಟು, ಗುಂಡಿ ಒತ್ತಿ, ಕಣ್ಣಿಗೆ ಹಿಡಿದರು. "ಸರೂ, ಎಡಕ್ಕ ಬಾ."

ಹೋದೆ.