ಬಟ್ಟೆಯ ಮಾಡು

“ಈಗ ಎಲ್ಲಿಂದ ಬರ್ತಾ ಉಂಟು?” ಎಂದು ರಮಾನಾಥ ಕಾರಿನ ಗಾಜಿಗೆ ಮೂಗು ಒತ್ತಿ ಕೇಳಿದ. ಒಳಗೆ ಕುಳಿತಿದ್ದ ಹೆಂಡತಿ ಲೋಲಾಕ್ಷಿ ಟಾರ್ಚನ್ನು ಹಿಂದಿನ ಸೀಟಿನ ಮೂಲೆಗೆ ತೋರಿಸಿದಳು. ಅದೇ ಮೂಲೆ. ಕಾರಿನ ಚಾವಣಿಯಾಗಿದ್ದ ಬಟ್ಟೆಯ ಮಾಡಿನ ಮೇಲೆ ಪೈಪು ಹಿಡಿದು ಎಲ್ಲಿ ಸುರಿದರೂ ನೀರು ಅಲ್ಲಿಗೇ ಬಂದು ಇಳಿಯುತ್ತಿತ್ತು. ದೆಹಲಿಯ ಅಂಚಿನ ಇಂದಿರಾಪುರಂನ ಆ ಹೌಸಿಂಗ್ ಸೊಸೈಟಿಯ ಬಾಲ್ಕನಿಗಳಲ್ಲಿ ನಾಲ್ಕಾರು ಜನ ಚಹಾ ಹಿಡಿದು ನಿಂತು ನೋಡುತ್ತಿದ್ದರು. ಅವರ ಕಡೆಗೂ ಒಮ್ಮೆ ಪೈಪು ತಿರುಗಿಸಿಬಿಡಲೇ ಎನ್ನುವಷ್ಟು ಅವನಿಗೆ ರೇಗಿತ್ತು.

ಮಾಡನ್ನು ಮಡಚಿ ಹಿಂದಕ್ಕೆ ಇಳಿಸಬಹುದಾದ ಈ ಹಳೆಯ ಕಾರು ಲೋಲಾಕ್ಷಿಯದು. ಲೋಧಿ ಕಾಲೋನಿಯ ತಮ್ಮ ಹೋಟೆಲಿನ ಅಡುಗೆಮನೆಯ ಹಬೆಯಲ್ಲೇ ಅರ್ಧ ಆಯುಷ್ಯ ಕಳೆದವಳು, ಮಗಳು ಮೋನಿಷಾಳ ಮದುವೆ ಮುಗಿದದ್ದೇ ಡ್ರೈವಿಂಗ್ ಕಲಿತು, ಯಾರನ್ನೂ ಕೇಳದೆ ಇದನ್ನು ಮನೆಗೆ ತಂದಿದ್ದಳು. ದೆಹಲಿಯ ಧೂಳು ತಿನ್ನಲಿಕ್ಕೆ ಇಂಥ ಕಾರೇ ಬೇಕಿತ್ತೇ ಎಂದು ರಮಾನಾಥ ಗೇಲಿ ಮಾಡಿದ್ದ. ಆದರೆ ಚಳಿಗಾಲದ ಬೆಳಗುಗಳಲ್ಲಿ ತಲೆಗೆ ಸ್ಕಾರ್ಫ್ ಬಿಗಿದು ಒಬ್ಬಳೇ ಒಂದು ಸುತ್ತು ಹೋಗಿ ಬಂದವಳ ಮುಖವೇ ಬೇರೆಯಾಗಿರುತ್ತಿತ್ತು. ಚಪ್ಪಲಿ ಬಿಡುವಾಗಲೂ ಏನೋ ಗುನುಗುತ್ತಿದ್ದಳು.

ಮಳೆ ಶುರುವಾದದ್ದೇ ಕಾರು ಸೋರತೊಡಗಿತು. ಹೈವೇ ಹತ್ತಿದರೆ ಮಾಡಿನ ಸಂದಿನಲ್ಲಿ ಗಾಳಿ ಕಿವಿ ತೂತಾಗುವ ಹಾಗೆ ಸಿಳ್ಳೆ ಹಾಕುತ್ತಿತ್ತು. ಮೆಕ್ಯಾನಿಕ್ಕುಗಳು ಬಂದರು, ಅಂಟು ಬಳಿದರು, ಹೋದರು. ಲೋಲಾಕ್ಷಿಯ ಗುನುಗು ನಿಂತಿತು. ಸಾಕು, ಮಾರಿಬಿಡುವ ಎಂದು ಅವಳೇ ಹೇಳಿ, ನೋಯ್ಡಾದ ಒಬ್ಬನಿಗೆ ಮಾತೂ ಕೊಟ್ಟಳು. ಅವನು ಇವತ್ತು ಸಂಜೆ ಬರುವವನಿದ್ದ. ಅಷ್ಟರೊಳಗೆ ಸರಿಮಾಡಿ ಅವಳ ಕಾರನ್ನು ಅವಳಿಗೇ ಉಳಿಸಿಕೊಡಬೇಕೆಂದು ರಮಾನಾಥ ಹೋಟೆಲಿನ ಗಲ್ಲೆಯಲ್ಲಿ ಅಳಿಯ ದೀಕ್ಷಿತನನ್ನು ಕೂರಿಸಿ ಬಂದಿದ್ದ. ಈಗ ನೋಡಿದರೆ ಮಧ್ಯಾಹ್ನವೂ ಕಳೆದಿತ್ತು, ಸೋರುವುದು ಮಾತ್ರ ಸೋರುತ್ತಲೇ ಇತ್ತು.

ಪೈಪು ಬಿಸಾಡಿ ಅವನು ಹಿಂಬದಿಗೆ ಬಂದು ಬಗ್ಗಿದ. ಮಾಡು ಬಂದು ಕೂರುವಲ್ಲಿ ಸಣ್ಣ ಕಾಲುವೆಯಂಥ ಒಂದು ಜಾಗ. ಅಲ್ಲಿ ನೀರು ತುಂಬಿ ನಿಂತಿತ್ತು. ಬೆರಳು ಇಳಿಸಿ ತಡಕಾಡಿದಾಗ ಗಟ್ಟಿಯಾದ ಒಂದು ಉಂಡೆ ಸಿಕ್ಕಿತು. ರಮಾನಾಥನ ಕೈಗೆ ಅದರ ಗುರುತು ಹತ್ತಿತು.

ಹೋಟೆಲಿನಲ್ಲಿ ಅವನ ಕಣ್ಣಿಗೆ ಬಿದ್ದ ತೂತು ತೂತಾಗಿ ಉಳಿಯುವ ಮಾತೇ ಇಲ್ಲ. ತೂತೆಂದರೆ ಜಿರಲೆ, ಜಿರಲೆಯೆಂದರೆ ಗಿರಾಕಿ ಓಡಿಹೋದ ಹಾಗೆ. ಗೋಡೆ ತುಂಬುವ ಮೇಣ ಯಾವಾಗಲೂ ಅವನ ಜೇಬಿನಲ್ಲಿರುತ್ತಿತ್ತು. ಬೇಸಗೆಯಲ್ಲಿ ಒಂದು ದಿನ, ಹೆಂಡತಿಗೆ ಸಹಾಯವಾಗಲೆಂದು ಕಾರು ಒರೆಸುವಾಗ ಇಲ್ಲಿ ಎರಡು ತೂತು ಕಂಡಿದ್ದವು. ಎರಡನ್ನೂ ಅದೇ ಮೇಣದಿಂದ ಸಲೀಸಾಗಿ ಮುಚ್ಚಿ, ಒಳ್ಳೆಯ ಕೆಲಸ ಮಾಡಿದೆನೆಂದು ಕೈ ತೊಳೆದುಕೊಂಡಿದ್ದ.

ಚಾಕುವಿನ ತುದಿಯಿಂದ ಉಂಡೆಗಳನ್ನು ಎಬ್ಬಿಸಿದ. ನಿಂತ ನೀರು ಗುಳುಗುಳು ಎನ್ನುತ್ತ ಇಳಿದು ಚಕ್ರದ ಪಕ್ಕಕ್ಕೆ ಸುರಿಯಿತು. ಮತ್ತೆ ಪೈಪು ಹಿಡಿದ. ಒಳಗಿನಿಂದ ಲೋಲಾಕ್ಷಿ, ನಿಂತಿತು ಎಂದು ಕೈ ಆಡಿಸಿದಳು.

ಸುಮ್ಮನಿದ್ದರೆ ಆಗುತ್ತಿತ್ತು. ಆಗಲಿಲ್ಲ ಅವನಿಗೆ. “ನಾನೇ ಮುಚ್ಚಿದ್ದು ಮಾರಾಯ್ತಿ. ಜಿರಲೆ ಬರ್ತದೆ ಅಂತ.”

ಲೋಲಾಕ್ಷಿ ಇಳಿದು ಬಂದು ಆ ಉಂಡೆಗಳನ್ನು ನೋಡಿದಳು. “ಅದು ನೀರು ಹೋಗ್ಲಿಕ್ಕೇ ಇಟ್ಟ ತೂತು. ಕಾರು ಕೊಟ್ಟವ ನನಗೆ ಮೊದಲ ದಿನವೇ ತೋರಿಸಿದ್ದ. ನನ್ನ ಹತ್ರ ಒಂದು ಮಾತು ಕೇಳ್ಬಹುದಿತ್ತು ನೀವು.”

ದನಿ ಏರಿರಲಿಲ್ಲ. ಏರಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಮಾಡಿನ ಮುಂದಿನ ಅಂಚಿಗೆ ಹೋಗಿ, ಧೂಳು ಬಾರದಿರಲೆಂದು ಅವನು ಅಂಟಿಸಿದ್ದ ಹೋಟೆಲಿನ ಫ್ರಿಜ್ಜಿನ ಬಾಗಿಲಿನ ಹಳೆಯ ರಬ್ಬರ್ ಪಟ್ಟಿಯ ತುದಿ ಹಿಡಿದು ಉದ್ದಕ್ಕೂ ಕಿತ್ತಳು. ಅದಿಲ್ಲದೆ ಮಾಡು ಗಾಜಿನ ಚೌಕಟ್ಟಿಗೆ ಸರಿಯಾಗಿ ಕೂತಿತು. ಸಿಳ್ಳೆಯ ಕಾರಣವನ್ನೂ ಯಾರೂ ಬಾಯಿಬಿಟ್ಟು ಹೇಳಬೇಕಾಗಲಿಲ್ಲ.

ಅಷ್ಟರಲ್ಲಿ ನೋಯ್ಡಾದವನು ಬಂದ. ಇನ್ನಾದರೂ ಕೊಡುವುದಿಲ್ಲ ಎಂದಾಳೆಂದು ರಮಾನಾಥ ಕಾದ. ಅವಳು ಕೊಟ್ಟ ಮಾತಿಗೆ ತಪ್ಪುವವಳಲ್ಲ; ಸೆರಗಿಗೆ ಕೈ ಒರೆಸಿಕೊಂಡು ಕೀಲಿಕೈ ಮುಂದೆ ಮಾಡಿದಳು. ಬಂದವನು ಮಾಡನ್ನು ಸವರಿ, ಸೋರುವುದಿಲ್ಲ ತಾನೇ ಎಂದು ಹಿಂದಿಯಲ್ಲಿ ಕೇಳಿದ.

“ಟಪಕ್ತೀ ಹೈ,” ಎಂದ ರಮಾನಾಥ. ಸೋರುತ್ತದೆ, ಮಾಡಬಾರದ್ದೆಲ್ಲ ಮಾಡಿ ನೋಡಿಯಾಯಿತು, ಸಿಳ್ಳೆಯಂತೂ ಕೇಳುವುದೇ ಬೇಡ, ನಿಮ್ಮ ಹೆಂಡತಿ ಒಂದು ದಿನ ಕೂತರೆ ಮರುದಿನ ತವರಿಗೆ ಹೋದಾರು ಎಂದು ಒಂದೇ ಉಸಿರಿಗೆ ಹೇಳಿದ. ಬಂದವನು ಒದ್ದೆ ಕಾರ್ಪೆಟ್ಟನ್ನು ಒತ್ತಿ ನೋಡಿ, ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು, ಫೋನ್ ಮಾಡುತ್ತೇನೆ ಎಂದು ಹೊರಟುಹೋದ.

ಲೋಲಾಕ್ಷಿ ಗಂಡನನ್ನೇ ನೋಡುತ್ತ ನಿಂತಳು. “ಸುಳ್ಳು ಹೇಳ್ಲಿಕ್ಕೂ ಬರ್ತದಾ ನಿಮಗೆ?”

ರಮಾನಾಥ ಪೈಪು ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ. ಅವಳು ಸ್ಟಿಯರಿಂಗ್ ಹಿಂದೆ ಕುಳಿತು ಗುಂಡಿ ಒತ್ತಿದಳು. ಮಾಡು ನಿಧಾನವಾಗಿ ಮಡಚಿಕೊಂಡು ಹಿಂದೆ ಸರಿಯಿತು. ನೀರು ಕುಡಿದ ಸೀಟುಗಳ ಮೇಲೆ ಸಂಜೆಯ ಬಿಸಿಲು ಬಿತ್ತು. ಇಂಜಿನ್ ಶುರುವಾಯಿತು, ಆದರೆ ಕಾರು ಹೊರಡಲಿಲ್ಲ.

ರಮಾನಾಥ ಅವಳ ಪಕ್ಕದ ಸೀಟಿನ ಬಾಗಿಲು ತೆರೆದ. ಸೀಟಿಗೆ ಹಾಸಲು ಏನಾದರೂ ಇದೆಯೇ ಎಂದು ಸುತ್ತ ನೋಡಿದ. ಏನೂ ಕಾಣಲಿಲ್ಲ. ಧೋತರ ಮೇಲೆತ್ತಿಕೊಂಡು ಒದ್ದೆಯಲ್ಲೇ ಕುಳಿತ.