ಕೊನೆಯ ಹೆಸರು

ತಪ್ಪು ಓದಿದವಳು ನಾನು, ಬರೆದವಳು ಹಸಿಂತಾ.

ಹಸಿಂತಾ ಪೆನ್ಯ ಮತ್ತು ನಾನು ಸ್ಟ್ರಾಬೆರಿ ಹೊಲದಲ್ಲಿ ಒಂದೇ ಸಾಲಿಗೆ ಬಗ್ಗಿದವರು, ಸಂಜೆ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು. ನನಗೆ ಇಂಗ್ಲಿಷ್ ಓದಲು ಅಷ್ಟಿಷ್ಟು ಬಂತು. ಅವಳಿಗೆ ಓದು ಹತ್ತಲಿಲ್ಲ, ಆದರೆ ನೋಡಿ ಬರೆದ ಅಕ್ಷರ ಅಚ್ಚು ಹಾಕಿದಂತಿರುತ್ತಿತ್ತು. ತನ್ನ ಹೆಸರು ಕಲಿಯಲು ಎರಡು ವರ್ಷ ಹಿಡಿಯಿತು. ಪೆನ್ಯ ಬರೆಯುವಾಗ 'ಎನ್' ಅಕ್ಷರದ ನೆತ್ತಿಯ ಮೇಲೆ ಒಂದು ಪುಟ್ಟ ಅಲೆ ಎಳೆಯಬೇಕು. ಅಲೆ ಇದ್ದರೆ ಪೆನ್ಯ, ನಮ್ಮ ಭಾಷೆಯಲ್ಲಿ ಬಂಡೆ. ಇಲ್ಲದಿದ್ದರೆ ಪೆನ, ನಾಚಿಕೆಗೇಡು. ಅವಳು ಆ ಅಲೆಯನ್ನು ಉಸಿರು ಬಿಗಿಹಿಡಿದು ಎಳೆಯುತ್ತಿದ್ದಳು.

ಅವಳ ಮಗಳು ಯರೇಲಿ ಐದು ವರ್ಷದವಳಿದ್ದಾಗ ತಾಯಿಯ ಬೆನ್ನಿಗಂಟಿ ಗಡಿ ದಾಟಿದವಳು. ಕಾಗದಪತ್ರವಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಕಾಲೇಜು ಸೇರಲು ಅದು ಅಡ್ಡಿಯಲ್ಲ, ಹೊರಗಿನವರ ಶುಲ್ಕ ಅಡ್ಡಿ. ಅದು ಇಲ್ಲಿನವರದ್ದರ ಏಳೆಂಟು ಪಟ್ಟು. ಮೂರು ವರ್ಷ ಇಲ್ಲೇ ಓದಿ ಹೈಸ್ಕೂಲು ಮುಗಿಸಿದ್ದೇನೆಂದು ಪ್ರಮಾಣ ಮಾಡಿ ಅರ್ಜಿ ಕೊಟ್ಟರೆ ಆ ಹೆಚ್ಚಿನ ಶುಲ್ಕ ಮಾಫಿ. ಇಲ್ಲವಾದರೆ ಯರೇಲಿಯೂ ನಮ್ಮ ಸಾಲಿಗೆ.

"ಅರ್ಜಿ ನಾನೇ ಬರೀತೀನಿ," ಎಂದು ಹಸಿಂತಾ ಹಟ ಹಿಡಿದಳು. "ದೋನ್ಯಾ ಒತಿಲಿಯಾ, ನೀವು ಓದಿ ಹೇಳಿ ಸಾಕು." ನಾನು ಹಿರಿಯಳೆಂದು ಹೆಸರಿಗೆ ದೋನ್ಯಾ ಸೇರಿಸಿ ಕರೆಯುತ್ತಿದ್ದಳು.

ಮೊದಲ ಚೌಕದಲ್ಲಿ 'ಲಾಸ್ಟ್ ನೇಮ್' ಎಂದಿತ್ತು. "ಕೊನೆಯ ಹೆಸರು ಕೇಳ್ತಾರೆ," ಎಂದೆ.

ನಮ್ಮಲ್ಲಿ ಮಕ್ಕಳಿಗೆ ಎರಡು ಮನೆತನದ ಹೆಸರು, ಮೊದಲು ತಂದೆಯದು, ಕೊನೆಗೆ ತಾಯಿಯದು. ಯರೇಲಿ ಕಿರೋಸ್ ಪೆನ್ಯ. ಹಸಿಂತಾಳ ಮುಖ ಅರಳಿತು. "ನೋಡಿದ್ರಾ? ಈ ದೇಶದಲ್ಲಿ ತಾಯೀನೇ ಮೊದಲು ಕೇಳ್ತಾರೆ. ಹೊಟ್ಟೇಲಿರುವಾಗಲೇ ಓಡಿಹೋದ ಆ ಕಿರೋಸ್ ನಡುವೆ ಬಿದ್ದಿರಲಿ." ಪೆನ್ಯ ಎಂದು ಬರೆದು ಅಲೆ ಎಳೆದಳು. ಅರ್ಜಿ ತುಂಬಿದವರ ಜಾಗದಲ್ಲಿ ಸಹಿಯನ್ನೂ ಹಾಕಿದಳು. ಕೆಲಸದಿಂದ ಬಂದ ಯರೇಲಿ ಓದದೆಯೇ ತನ್ನ ಸಹಿ ಗೀಚಿದಳು.

ಅರ್ಜಿ ಇತ್ಯರ್ಥವಾಗಬೇಕಿದ್ದ ಕೊನೆಯ ದಿನ, ಶುಕ್ರವಾರ, ನಾವು ಮೂವರೂ ಕಾಲೇಜಿನ ಕಿಟಕಿಯ ಮುಂದೆ ನಿಂತಿದ್ದೆವು.

"ಮಿಸ್ ಪೆನ!" ಎಂದು ಒಳಗಿದ್ದ ಬ್ರೆಂಡಾ ಕಾರಿಯೊ ಕೂಗಿದಳು. ಸಾಲಿನಲ್ಲಿದ್ದ ನಮ್ಮವರು ಕಿಸಕ್ಕನೆ ನಕ್ಕರು. ಈ ಬ್ರೆಂಡಾಳ ಅಪ್ಪನೂ ನಮ್ಮ ಜೊತೆ ಹಣ್ಣು ಕಿತ್ತವನೇ.

"ಪೆನ್ಯ, ಮೇಡಂ," ಎಂದಳು ಹಸಿಂತಾ.

"ಕಂಪ್ಯೂಟರಿಗೆ ನಿಮ್ಮ ಕೊಂಬು ಬಾಲ ಗೊತ್ತಾಗಲ್ಲಮ್ಮ. ಅದಕ್ಕೆ ನಾಚಿಕೆ ಅಂತಲೇ ಕಾಣೋದು." ಅವಳು ಯರೇಲಿಯ ಕಡೆ ತಿರುಗಿದಳು. "ಇಲ್ಲಿ ಇಬ್ಬರು ಹುಡುಗಿಯರಿದ್ದಾರೆ. ಶಾಲೆಯ ದಾಖಲೇಲಿರೋ ಕಿರೋಸ್ ಹೈಸ್ಕೂಲು ಮುಗಿಸಿದ್ದಾಳೆ, ಅರ್ಜಿ ಹಾಕಿಲ್ಲ. ಪೆನ ಅರ್ಜಿ ಹಾಕಿದ್ದಾಳೆ, ಒಂದು ದಿನವೂ ಶಾಲೆಗೆ ಹೋಗಿಲ್ಲ. ಇಬ್ಬರಿಗೂ ಮಾಫಿ ಇಲ್ಲ."

"ಇಬ್ಬರೂ ನಾನೇ!"

"ಹಾಗಾದ್ರೆ ಒಬ್ಬಳನ್ನ ಸಾಯಿಸು. ಪೆನ ನನ್ನ ಮನೆತನದ ಹೆಸರಲ್ಲ, ತಪ್ಪಿ ಬರೆದದ್ದು ಅಂತ ಈ ಹಾಳೆಗೆ ಸಹಿ ಹಾಕು. ಅರ್ಜಿ ತುಂಬಿದವರೂ ಹಾಕಬೇಕು."

ಕೊನೆ ಎಂದು ಓದಿ ಹೇಳಿದ್ದು ನಾನು ಎಂದೆ. "ನಿಮ್ಮ ಸಹಿ ಅರ್ಜೀಲಿ ಇದೆಯಾ ಅಜ್ಜಿ? ಇಲ್ವಲ್ಲ, ಹಿಂದೆ ಸರೀರಿ," ಎಂದಳು ಬ್ರೆಂಡಾ.

ಯರೇಲಿ ಆಗಲೇ ಸಹಿ ಹಾಕಿದ್ದಳು. ಹಸಿಂತಾ ಪೆನ್ನು ಮುಟ್ಟಲಿಲ್ಲ. "ನಿನ್ನನ್ನ ಹೆತ್ತ ಹೆಸರು ಕಣೇ ಅದು. ಎರಡೂ ಹೆಸರು ಬರ್ಕೊಳ್ಳೋಕೆ ಹೇಳು."

"ಎರಡು ವರ್ಷ ಕೂತು ಕಲಿತದ್ದು ಅದೊಂದು ಹೆಸರು ಅಮ್ಮಾ, ಅದನ್ನೂ ತಪ್ಪು ಚೌಕದಲ್ಲಿ ಬರೆದೆ. ನಿನ್ನ ಅಕ್ಷರದ ಚಂದಕ್ಕೆ ನಾನು ಜೀವಮಾನವೆಲ್ಲ ಹಣ್ಣು ಕೀಳಲಾ?"

ಸಾಲಿನಲ್ಲಿ ಈಗ ಯಾರೂ ನಗಲಿಲ್ಲ. ಹಸಿಂತಾ ಪೆನ್ನು ತೆಗೆದುಕೊಂಡಳು.

"ತಡೀರಿ," ಎಂದಳು ಬ್ರೆಂಡಾ. "ಇವರು ನಿನಗೇನಾಗಬೇಕು? ಅದನ್ನ ಇಲ್ಲಿ ತುಂಬಬೇಕು. ತಾಯಿ ಅಂದ್ರೆ ಜನನಪತ್ರ ಲಗತ್ತಿಸಬೇಕು. ಅದರಲ್ಲಿ ಪೆನ ಇರುತ್ತೆ. ಆಗ ನೀನು ಈಗ ಹಾಕಿದ ಸಹಿ ಸುಳ್ಳಾಗುತ್ತೆ, ಸೋಮವಾರ ಮೇಲಿನವರ ಹತ್ತಿರ ಹೋಗಬೇಕು. ಸೋಮವಾರಕ್ಕೆ ಗಡುವು ಮುಗಿದಿರುತ್ತೆ." ಧ್ವನಿ ತಗ್ಗಿಸಿದಳು. "ನಂಟಿಲ್ಲದವರಾದ್ರೆ ಪುರಾವೆ ಬೇಡ, ಮಗಳೇ."

ಯರೇಲಿ ಹಾಳೆಯನ್ನು ತನ್ನತ್ತ ಎಳೆದುಕೊಂಡಳು. ಬರೆಯುವಾಗ ಕೈ ಅಡ್ಡ ಹಿಡಿದಿದ್ದಳು. ತಾಯಿಗೆ ಓದಲು ಬಾರದೆಂಬುದು ಅವಳಿಗೆ ಮರೆತಿರಬೇಕು. ಓದಿದವಳು ನಾನು. 'ಪರಿಚಯದವರು.'

"ಏನು ಬರೆದಳು?" ಎಂದು ಹಸಿಂತಾ ನನ್ನನ್ನು ಕೇಳಿದಳು.

ಆ ಹಾಳೆಯಲ್ಲಿ ನಾನು ಸರಿಯಾಗಿ ಓದಿದ ಪದ ಅದೊಂದೇ. ಹೇಳಿದೆ. ಸುಳ್ಳು ಹೇಳಬಹುದಿತ್ತು. ಆದರೆ ಇನ್ನೊಂದು ಸಲ ತಪ್ಪು ಓದಲು ನನಗೆ ಧೈರ್ಯವಾಗಲಿಲ್ಲ.

ಯರೇಲಿ ಹಾಳೆಯನ್ನು ತಾಯಿಯ ಮುಂದಿಟ್ಟಳು. ಬ್ರೆಂಡಾ ನೋಡುತ್ತಲೇ ಇದ್ದಳು. "ಇಲ್ಲಿ ಸಹಿ ಹಾಕಿ," ಎಂದಳು ಯರೇಲಿ. ಹುಟ್ಟಿದಾಗಿನಿಂದ ತಾಯಿಗೆ 'ನೀನು' ಎಂದವಳು, ಅಂಗಡಿಯಲ್ಲಿ ಎದುರಾದವರಿಗೆ ಹೇಳುವಂತೆ ಹೇಳಿದಳು.

ಹಸಿಂತಾ ನಿಧಾನವಾಗಿ ಬರೆದಳು. ಉಸಿರು ಬಿಗಿಹಿಡಿದು ಅಲೆ ಎಳೆದಳು.

ಬ್ರೆಂಡಾ ಹಾಳೆ ಎತ್ತಿಕೊಂಡು ಆ ಅಲೆಯನ್ನು ಉಗುರಿನಿಂದ ಕೆರೆದಳು. "ಇದೇನು, ಕೊಳೆಯಾ?"

"ತಪ್ಪಾಯ್ತು, ಮೇಡಂ," ಎಂದಳು ಹಸಿಂತಾ.

ಮೊಹರು ಬಿತ್ತು. ಹೆಚ್ಚಿನ ಶುಲ್ಕ ಮಾಫಿಯಾಯಿತು. ಬ್ರೆಂಡಾ ಮೊದಲ ಬಾರಿ ಮನಸಾರೆ ನಕ್ಕಳು. "ಒಳ್ಳೇದಾಗಲಿ, ಮಿಸ್ ಕಿರೋಸ್. ನಿಮ್ಮ ಪರಿಚಯದವರಿಗೆ ಪೆನ್ನು ವಾಪಸ್ ಕೊಡೋಕೆ ಹೇಳಿ."