ಗುರುಲಿಂಗಯ್ಯ ಮುತ್ಯಾನ ದನಿ

ಕೊಡ್ಲಿ ಗ್ರಾಮದ ಹಿರಿಯ ಜಂಗಮ ಗುರುಲಿಂಗಯ್ಯ ಮುತ್ಯಾನಿಗೆ ಲಕ್ವಾ ಹೊಡೆದು ಮಾತು ಬಿದ್ದುಹೋದದ್ದು ಊರಿಗೆಲ್ಲ ಗೊತ್ತಿತ್ತು. ವಾಡಿ, ಚಿತ್ತಾಪುರ, ಸೇಡಂ ಕಡೆಯ ಭಕ್ತರಿಗೆ ಮಾತ್ರ ಗೊತ್ತಿರಲಿಲ್ಲ. ಕೇಳಿದರೆ ಎದೆಗುಂದಾರು ಎಂದು ಮನೆಯವರು ಹೇಳಿರಲಿಲ್ಲ. ದೂರದ ಆ ಮಂದಿಗೆ ಮುತ್ಯಾ ಎಂದರೆ ದಿನಾ ಬೆಳಿಗ್ಗೆ ವಾಟ್ಸಾಪಿನಲ್ಲಿ ಬರುವ ಒಂದು ದನಿ. ಇಷ್ಟಲಿಂಗ ಅಂಗೈಯಲ್ಲಿರುವಾಗಲೇ ಅವರು ಕಷ್ಟ ಹೇಳಿಕೊಂಡವರ ಹೆಸರು ಹಿಡಿದು, "ತಂದೆ, ಇವರನ್ನ ಕಾಯಪ್ಪಾ" ಎಂದು ಬೇಡಿಕೊಳ್ಳುತ್ತಿದ್ದರು. ಸೊಸೆ ಶಿವರಂಜನಿ ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಗ್ರೂಪಿಗೆ ಕಳಿಸುತ್ತಿದ್ದಳು.

ಈಗ ಮುತ್ಯಾರ ಬಾಯಿಂದ ಬರುತ್ತಿದ್ದದ್ದು "ಆ... ಆ" ಎಂಬ ಉಸಿರಷ್ಟೇ. ಬಲಗೈಯೂ ಸೋತಿತ್ತು. ಶಿವರಂಜನಿ ಅವರ ಎಡ ಅಂಗೈಯಲ್ಲಿ ಲಿಂಗವಿಟ್ಟು, ತಾನೇ ಪತ್ರಿ ಏರಿಸಿ, ಫೋನಿಗೆ ಬಂದ ಹೆಸರುಗಳನ್ನು ಓದುತ್ತಿದ್ದಳು. ಒಂದೊಂದು ಹೆಸರಿಗೂ ಮುತ್ಯಾ ಕಣ್ಣು ಮುಚ್ಚುತ್ತಿದ್ದರು. ಅವರು ತಲೆಯಾಡಿಸಿದ ಮೇಲೆಯೇ ಮುಂದಿನ ಹೆಸರು.

ಆದರೆ ಗ್ರೂಪಿನಲ್ಲಿ ಕಳವಳ ಶುರುವಾಯಿತು. ಮುತ್ಯಾನ ದನಿ ಯಾಕ ಬರವಲ್ದು, ನಮ್ಮ ಮ್ಯಾಲ ಸಿಟ್ಟೇನು ಎಂದು ಕೇಳುವವರು ಹೆಚ್ಚಿದರು. ಶಿವರಂಜನಿಯ ಗಂಡ ಸಂತೋಷಕುಮಾರನದು ಚಿಂಚೋಳಿಯಲ್ಲಿ ಮೊಬೈಲ್ ಅಂಗಡಿ. ಅವನೇ ದಾರಿ ತೋರಿಸಿದ.

"ಒಂದು ಆ್ಯಪ್ ಬಂದದ. ಅಪ್ಪನ ಹಳೇ ಆಡಿಯೋ ಕೇಳಿಸಿದ್ರ ಅದು ಅಪ್ಪನ ದನಿ ಕಲೀತದ. ನಾವು ಬರೆದದ್ದು ಆ ದನಿಯೊಳಗ ಓದ್ತದ."

"ಅದು ಸುಳ್ಳ ಆಗಂಗಿಲ್ಲೇನ್ರಿ?"

"ಬೇಡ್ಕೊಳ್ಳಾವ ಅಪ್ಪನೇ. ದನಿ ಅಷ್ಟೇ ಮಷೀನಿಂದು. ಮಂದಿಗಿ ಧೈರ್ಯ ಬರ್ತದ."

ಶಿವರಂಜನಿಗೂ ಹೌದೆನಿಸಿತು. ಮೊದಲ ಆಡಿಯೋ ತಯಾರಾದಾಗ ಅವಳು ಅದನ್ನು ಹಾಕಿ ಕೇಳಿದಳು. ನಡುವಿನ ಕೆಮ್ಮು, "ತಂದೆ" ಎಂದು ಎಳೆಯುವ ರೀತಿ, ಎಲ್ಲ ಮಾವನದೇ. ಒಳಗೆ ಮಲಗಿದ್ದವರಿಗೆ ಕೇಳಿಸದಿರಲಿ ಎಂದು ಎದ್ದು ಬಾಗಿಲು ಮುಚ್ಚಿದಳು.

ತೊಗರಿ ರಾಶಿಯ ದಿನಗಳು ಬಂದವು. ಮನೆಯಲ್ಲಿ ಕೆಲಸ ಹೆಚ್ಚಿ ಪೂಜೆ ಗಡಿಬಿಡಿಯಲ್ಲಿ ಮುಗಿಯತೊಡಗಿತು. ಹೆಸರು ಓದುವುದು ಒಂದು ದಿನ ತಪ್ಪಿತು, ಆಮೇಲೆ ನಿಂತೇಹೋಯಿತು. ಗ್ರೂಪಿಗೆ ಮಷೀನಿನ ಆಡಿಯೋ ಹೋಗುವುದು ಮಾತ್ರ ತಪ್ಪಲಿಲ್ಲ. ಮುತ್ಯಾ ಫೋನಿನ ಕಡೆ ನೋಡಿದರೆ, "ಇವತ್ತು ಯಾರದೂ ಬಂದಿಲ್ರಿ ಮಾವಾರ" ಎಂದುಬಿಡುತ್ತಿದ್ದಳು.

ಒಂದು ಮಧ್ಯಾಹ್ನ ಕಲಬುರಗಿ ಬಸ್ಸಿನಿಂದಿಳಿದು ಒಬ್ಬ ಹೆಂಗಸು ಮನೆ ಕೇಳಿಕೊಂಡು ಬಂದಳು. ವಾಡಿಯ ರತ್ನಾಬಾಯಿ. ಬಾಣಂತಿ ಮಗಳು ಸಪ್ನಾ ಕಲಬುರಗಿಯ ದವಾಖಾನೆಯಲ್ಲಿ ಎಚ್ಚರವಿಲ್ಲದೆ ಮಲಗಿದ್ದಳು.

"ಮುತ್ಯಾ ದಿನಾ ನನ್ನ ಮಗಳ ಹೆಸರ ತೊಗೊಂಡಾರ. ಅದನ್ನೇ ಕೇಳಿ ಜೀವ ಹಿಡಕೊಂಡೀನಿ. ಎದುರಿಗಿ ಕುಂತು ಒಮ್ಮಿ ಬೇಡ್ಕೊಳ್ಳಲಿ ಅಂತ ಬಂದೀನಿ" ಎನ್ನುತ್ತ ಒಳಗೆ ಹೋಗಿ ಮುತ್ಯಾರ ಕಾಲು ಮುಟ್ಟಿದಳು. "ಸಪ್ನಾನ ಅವ್ವ ನಾ."

ಮುತ್ಯಾ ಅವಳನ್ನು ನೋಡಿದರು, ಸೊಸೆಯನ್ನು ನೋಡಿದರು. ಆ ಹೆಸರು ಅವರ ಕಿವಿಗೆ ಬಿದ್ದದ್ದು ಅದೇ ಮೊದಲು. ತುಟಿ ಅದುರಿ "ಆ... ಆ" ಎಂದರು.

ರತ್ನಾಬಾಯಿ ಹಿಂದೆ ಸರಿದಳು. "ಹಂಗಾರ ಇವತ್ತ ಮುಂಜಾನಿ ಮಾತಾಡಿದವ್ರು ಯಾರು?"

ಇವತ್ತೇ ಹಿಂಗಾಗ್ಯದ ಎಂದು ಹೇಳಿ ಶಿವರಂಜನಿ ಪಾರಾಗಬಹುದಿತ್ತು. ಆದರೆ ಮಾವನ ಕಣ್ಣು ತನ್ನ ಮೇಲೇ ಇತ್ತು.

"ಮಷೀನ್ ಮಾತಾಡ್ತಿತ್ರಿ" ಎಂದಳು ಶಿವರಂಜನಿ. "ಮಾವಾರಿಗಿ ನಿಮ್ಮ ಮಗಳ ಹೆಸರ ನಾ ಹೇಳೇ ಇಲ್ಲ."

"ಅಂದ್ರ ಆಕಿ ಸಲುವಾಗಿ ಯಾರೂ ಬೇಡ್ಕೊಂಡೇ ಇಲ್ಲ?"

"ಇಲ್ರಿ."

ರತ್ನಾಬಾಯಿ ಗೋಡೆಗೊರಗಿ ಕುಳಿತಳು. ಬಯ್ಯುತ್ತಾಳೆಂದು ಶಿವರಂಜನಿ ತಲೆ ತಗ್ಗಿಸಿ ನಿಂತಳು. ಆದರೆ ರತ್ನಾಬಾಯಿ ಹೇಳಿದಳು: "ನಾನೂ ಬೇಡ್ಕೊಂಡಿಲ್ಲವ್ವಾ. ಮುತ್ಯಾ ಬೇಡ್ಕೊಳ್ಳಾಕತ್ತಾರಲ್ಲ ಅಂತ ಬರೀ ಕೇಳ್ಕೋತ ಕುಂತೆ."

ಮುತ್ಯಾ ಎಡಗೈ ಚಾಚಿದರು. ಶಿವರಂಜನಿ ಲಿಂಗವನ್ನಿಟ್ಟು, "ವಾಡಿ ರತ್ನಾಬಾಯಿಯವರ ಮಗಳು, ಸಪ್ನಾ" ಎಂದಳು. ಮುತ್ಯಾ ಕಣ್ಣು ಮುಚ್ಚಿದರು. ಮತ್ತೆ ತೆರೆದು, ನೀನೂ ಬೇಡಿಕೋ ಎಂಬಂತೆ ರತ್ನಾಬಾಯಿಯತ್ತ ಗದ್ದ ಎತ್ತಿದರು.

"ನನಗ ಮಂತ್ರ ಬರಂಗಿಲ್ರಿ ಮುತ್ಯಾ."

ಮತ್ತೆ ಗದ್ದ ಎತ್ತಿದರು. ರತ್ನಾಬಾಯಿ ಕೈ ಮುಗಿದಳು. "ತಂದೆ... ನನ್ನ ಕೂಸು..." ಮುಂದೆ ಮಾತು ಹೊರಡಲಿಲ್ಲ. ಅವಳ ಅಳುವಿನ ಜೊತೆ ಮುತ್ಯಾರ "ಆ... ಆ" ಕೂಡಿಕೊಂಡಿತು. ಇಷ್ಟು ವರ್ಷ ಮಾವನ ಪ್ರಾರ್ಥನೆ ರೆಕಾರ್ಡ್ ಮಾಡಿದ್ದ ಶಿವರಂಜನಿ ಅಂದು ತಾನೇ ಬೇಡಿಕೊಂಡಳು.

ಸಂಜೆಯೊಳಗೆ ಅವಳು ತನ್ನ ದನಿಯಲ್ಲೇ ನಡೆದದ್ದನ್ನೆಲ್ಲ ಹೇಳಿ ಗ್ರೂಪಿಗೆ ಕಳಿಸಿದಳು. ಕೆಲವರು ಬೈದರು, ಬಹಳ ಮಂದಿ ಗ್ರೂಪ್ ಬಿಟ್ಟರು. "ಅಪ್ಪನ ಹೆಸರ ಕೆಡಿಸಿದಿ" ಎಂದು ಸಂತೋಷಕುಮಾರ ಕೆಲವು ದಿನ ಅವಳೊಡನೆ ಮಾತು ಬಿಟ್ಟ.

ಸಪ್ನಾ ನಿಧಾನವಾಗಿ ಚೇತರಿಸಿಕೊಂಡು ಕೂಸಿನೊಂದಿಗೆ ವಾಡಿಗೆ ಹೋದಳು. ಅದೇ ವಾರ ಮುತ್ಯಾ ಸೇಡಂನ ಒಬ್ಬ ಹಿರಿಯರ ಸಲುವಾಗಿಯೂ ಬೇಡಿಕೊಂಡಿದ್ದರು; ಅವರು ಉಳಿಯಲಿಲ್ಲ. ಎರಡೂ ಸುದ್ದಿ ಕೇಳಿ ಮುತ್ಯಾ ಬಹಳ ಹೊತ್ತು ಕಣ್ಣು ಮುಚ್ಚಿದ್ದರು.

ಈಗ ಆಡಿಯೋ ಹೋಗುವುದಿಲ್ಲ. ಬೇಕಾದವರು ಪೂಜೆಯ ಹೊತ್ತಿಗೆ ಫೋನ್ ಮಾಡುತ್ತಾರೆ. ಶಿವರಂಜನಿ ಸ್ಪೀಕರ್ ಹಾಕಿ ಮುತ್ಯಾರ ಪಕ್ಕದಲ್ಲಿಡುತ್ತಾಳೆ. ಅವರವರ ಮಾತಿನಲ್ಲಿ ಅವರೇ ಬೇಡಿಕೊಳ್ಳುತ್ತಾರೆ, ಮುತ್ಯಾ ಜೊತೆಗಿರುತ್ತಾರೆ. ಕೆಲವರು ಏನೂ ಹೇಳಲಾಗದೆ ಸುಮ್ಮನಿರುತ್ತಾರೆ. ಅವರ ಫೋನನ್ನೂ ಅವಳು ಕಟ್ ಮಾಡುವುದಿಲ್ಲ.